ಸೀಸದ ಕೊಟ್ಟಿಗೆಯ ಆಕಳು

“ಇವತ್ತಿನ ಕರಾವು ಈಗ ಆಯಿತು, ಐದು ನಿಮಿಷ ಕೂತಿರಿ ಅಮ್ಮಾ” ಎಂದರು ತಂತ್ರಜ್ಞರು. ರಂಗಂಪೇಟೆಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದಿದ್ದ ನಮ್ಮ ದೊಡ್ಡವ್ವ ನನ್ನ ಕಡೆ ತಿರುಗಿದಳು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಂಥ ಕರಾವು? ಎಲುಬಿನ ಸ್ಕ್ಯಾನಿಗೆಂದು ಅವಳ ಜೊತೆ ಹೋದ ನಾನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಮೇಲೆ ಬರೆಯಲು ಕೂತದ್ದು ಆ ಒಂದು ಮಾತಿನಿಂದ.

ಆಕಳು ಎಂದರೆ ಸೀಸದ ದಪ್ಪ ಗೋಡೆಯ ಒಂದು ಡಬ್ಬಿ. ಒಳಗೆ ಅಲ್ಯುಮಿನಾ ಪುಡಿ ತುಂಬಿದ ಸಣ್ಣ ಕೊಳವೆ, ಪುಡಿಗೆ ಅಂಟಿಕೊಂಡ ಮಾಲಿಬ್ಡಿನಮ್-99. ಅದು ತಾನಾಗಿಯೇ ಸವೆಯುತ್ತ ಟೆಕ್ನೀಷಿಯಂ-99ಎಂ ಆಗುತ್ತಿರುತ್ತದೆ. ಬೆಳಿಗ್ಗೆ ಒಂದು ಕಡೆ ಉಪ್ಪುನೀರಿನ ಸೀಸೆ, ಇನ್ನೊಂದು ಕಡೆ ಗಾಳಿ ತೆಗೆದ ಸೀಸೆ ಚುಚ್ಚುತ್ತಾರೆ. ಖಾಲಿ ಸೀಸೆ ನೀರನ್ನು ಜಗ್ಗಿಕೊಳ್ಳುತ್ತದೆ. ಮಾಲಿಬ್ಡಿನಮ್ ಜಾಗ ಬಿಡುವುದಿಲ್ಲ, ಟೆಕ್ನೀಷಿಯಂ ಮಾತ್ರ ಇಳಿದು ಬರುತ್ತದೆ. ಕಣ್ಣಿಗೆ ಬರೀ ನೀರು. ಮರುದಿನ ಬೆಳಗಿನ ಹೊತ್ತಿಗೆ ಮತ್ತೆ ಕೆಚ್ಚಲು ತುಂಬಿರುತ್ತದೆ. ಆದರೆ ಮಾಲಿಬ್ಡಿನಮ್ 66 ಗಂಟೆಗೊಮ್ಮೆ ಅರ್ಧವಾಗುವುದರಿಂದ ವಾರ ಕಳೆಯುವಷ್ಟರಲ್ಲಿ ಬತ್ತುತ್ತ ಬರುತ್ತದೆ. ಗೋಡೆ ಬದಿಗೆ ಸಾಲಾಗಿ ಇಟ್ಟಿದ್ದ ಹಳೆಯ ಡಬ್ಬಿಗಳ ಮೇಲೆ ತಾರೀಖಿನ ಚೀಟಿ ಇತ್ತು. “ಗೊಡ್ಡು ಬಿದ್ದಾವು” ಎಂದಳು ದೊಡ್ಡವ್ವ.

ಹೆಸರು ನಮ್ಮವರು ಇಟ್ಟದ್ದಲ್ಲ. 1950ರ ದಶಕದ ಕೊನೆಗೆ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಡಬ್ಬಿಯನ್ನು ಜಗತ್ತಿನ ಲ್ಯಾಬುಗಳಲ್ಲೆಲ್ಲ ಹಸು ಎಂದೇ ಕರೆಯುತ್ತಾರೆ.

“ಗೋಗಿದಾಗ ಭೂಮ್ಯಾಗ ಸಿಕ್ಕೈತಿ ಅಂತಾರಲ್ಲ, ಅದೇ ಏನ್ರಿ ಇದು?” ಎಂದು ಕೇಳಿಯೇಬಿಟ್ಟಳು. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಇದೆ. ಗಣಿ ಬೇಡವೆಂದು ಸುತ್ತಲಿನವರು ಹೋರಾಡಿದ್ದೂ ಇದೆ. ನಮ್ಮ ಕಡೆ ವಿಕಿರಣ ಅಂದರೆ ಮೊದಲು ನೆನಪಾಗುವುದು ಅದು. ತಂತ್ರಜ್ಞರು ನಕ್ಕು, “ದೂರದ ಬೀಗರು” ಎಂದರು. ರಿಯಾಕ್ಟರಿನಲ್ಲಿ ಯುರೇನಿಯಂ ಒಡೆದಾಗ ಹುಟ್ಟುವ ಚೂರುಗಳಲ್ಲಿ ಮಾಲಿಬ್ಡಿನಮ್-99 ಕೂಡ ಒಂದು.

ಐಸೊಟೋಪು ಎಂದರೇನೆಂದು ನಾನು ಉಪ್ಪಿನ ಪಾಕೀಟು ಹಿಡಿದು ಹೇಳಬೇಕಾಯಿತು. ಅದರಲ್ಲಿರುವುದು ಅಯೋಡಿನ್-127. ನಾಲ್ಕು ನ್ಯೂಟ್ರಾನ್ ಹೆಚ್ಚಾದರೆ ಅಯೋಡಿನ್-131. ಥೈರಾಯ್ಡ್ ಗ್ರಂಥಿಗೆ ಇವೆರಡರ ಗುರುತು ಹತ್ತುವುದಿಲ್ಲ, ಎರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಒಳಹೊಕ್ಕ 131 ಬೀಟಾ ಕಣ ಸಿಡಿಸಿ ಕೆಟ್ಟ ಜೀವಕೋಶಗಳನ್ನು ಸುಡುತ್ತದೆ. ಎಂಟು ದಿನಕ್ಕೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಟೆಕ್ನೀಷಿಯಂ ಸೌಮ್ಯ; ಸುಡುವ ಕೆಲಸ ಅದರದ್ದಲ್ಲ, ಗಾಮಾ ಕಿರಣ ಬಿಟ್ಟು ತಾನಿರುವ ಜಾಗ ತೋರಿಸುತ್ತದೆ, ಅಷ್ಟೆ. ಮಗ್ಗದ ಮನೆಯಲ್ಲಿ ಬೆಳೆದವಳಿಗೆ ಉಳಿದದ್ದನ್ನು ಹೇಳುವುದು ಕಷ್ಟವಾಗಲಿಲ್ಲ: ಬಿಳಿ ಹಾಸಿನಲ್ಲಿ ಒಂದೆಳೆ ಬಣ್ಣದ ನೂಲು.

ಸೂಜಿ ಚುಚ್ಚಿದ ಮೇಲೆ ಸುಮಾರು ಮೂರು ತಾಸು ನೀರು ಕುಡಿಯುತ್ತ ಕಾಯಬೇಕು. ಆಮೇಲೆ ಗಾಮಾ ಕ್ಯಾಮೆರಾ. ಎಕ್ಸ್‌ರೇ ಯಂತ್ರದ ಹಾಗಲ್ಲ, ಇದು ಯಾವ ಕಿರಣವನ್ನೂ ಬಿಡುವುದಿಲ್ಲ. ಬೆಳಗುವವಳು ದೊಡ್ಡವ್ವ, ಯಂತ್ರ ಬರೀ ನೋಡುತ್ತದೆ.

ಇತಿಹಾಸ ಆ ಹಿರಿಯ ತಂತ್ರಜ್ಞರು ಹೇಳಿದಷ್ಟು: 1956ರ ಆಗಸ್ಟಿನಲ್ಲಿ ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್, 1963ರಲ್ಲಿ ಮುಂಬಯಿಯ ಪರೇಲ್‌ನಲ್ಲಿ ವಿಕಿರಣ ವೈದ್ಯಕೀಯ ಕೇಂದ್ರ, ಐಸೊಟೋಪು ಪೂರೈಕೆಗೆಂದೇ 1989ರಲ್ಲಿ ‘ಬ್ರಿಟ್’ ಮಂಡಳಿ. ಅವರು ಮರೆಯದ ವರ್ಷ 2009. ಕೆನಡಾದ ಚಾಕ್ ರಿವರ್ ರಿಯಾಕ್ಟರ್ ಸೋರಿ ನಿಂತುಹೋಗಿ, ಮಾಲಿಬ್ಡಿನಮ್ ಸಿಗದೆ ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಸ್ಕ್ಯಾನುಗಳು ಮುಂದೆ ಹೋದವು.

ನನ್ನ ತಕರಾರು ಬೇರೆ. ಪೆಟ್ ಸ್ಕ್ಯಾನಿನ ಫ್ಲೋರಿನ್-18 ಬರೀ 110 ನಿಮಿಷದಲ್ಲಿ ಅರ್ಧವಾಗುತ್ತದೆ. ಹತ್ತು ತಾಸಿನ ದಾರಿಯಲ್ಲಿ ನೂರಕ್ಕೆ ಎರಡು ಪಾಲು ಉಳಿದರೆ ಹೆಚ್ಚು. ಅದು ದೂರದ ಊರಿಗೆ ಬರಲಾರದು, ಒಪ್ಪೋಣ. ಆದರೆ ಈ ಆಕಳು ಹುಟ್ಟಿದ್ದೇ ದೂರದ ಪ್ರಯಾಣಕ್ಕೆ. ಬೇಕಾದದ್ದು ಒಂದು ಕ್ಯಾಮೆರಾ, ಕರೆಯಲು ಬಲ್ಲವರು ನಾಲ್ಕು ಮಂದಿ. ಡಬ್ಬಿ ಹೋಗಬಹುದಾದ ದಾರಿಯಲ್ಲಿ ಎಪ್ಪತ್ತರ ಮುದುಕಿ ಸೊಂಟ ಹಿಡಿದುಕೊಂಡು ಬರುತ್ತಾಳೆ.

ಆ ದಿನ ಎಳೆಗೂಸುಗಳನ್ನು ಎತ್ತಿಕೊಳ್ಳಬೇಡಿ ಎಂದು ಹೇಳಿ ಕಳಿಸಿದ್ದರು. ಸೂಜಿ ಬೆಳಿಗ್ಗೆ ಒಂಬತ್ತಕ್ಕೆ. ಟೆಕ್ನೀಷಿಯಂ ಆರು ತಾಸಿಗೊಮ್ಮೆ ಅರ್ಧ. ರಾತ್ರಿ ಬಸ್ಸು ಹತ್ತಿದಾಗ ಕಾಲು ಪಾಲು. ನಸುಕಿನಲ್ಲಿ ಎಚ್ಚರಾಗಿ, “ಈಗೆಷ್ಟು ಉಳದೈತೊ?” ಎಂದಳು. ಎರಡಾಣೆ ಎಂದೆ. ರಂಗಂಪೇಟೆಯ ಓಣಿಯಲ್ಲಿ ಮೊಮ್ಮಗ ಎರಡೂ ಕೈ ಚಾಚಿ ಓಡಿಬಂದಾಗ ಗಂಟೆ ಒಂಬತ್ತು, ರೂಪಾಯಿಯಲ್ಲಿ ಒಂದಾಣೆ ಉಳಿದಿತ್ತು. ದೊಡ್ಡವ್ವ ಸೆರಗಿನಲ್ಲಿ ಕೈ ಮುಚ್ಚಿಕೊಂಡು ನನ್ನ ಮುಖ ನೋಡಿದಳು.