ಕಾರಿನ ಸೆಟ್ಟು, ಕೈಯ ಫೋನು: ನಂಬಿದ್ದೇನು, ನಿಜವೇನು?

"ಆಂಡ್ರಾಯ್ಡ್ ಸೆಟ್ ಐತ್ರೀ ಅಣ್ಣಾ, ನಿಮ್ಮ ಫೋನ್ ಎಲ್ಲಾ ಅದರಾಗ ಬರ್ತೈತಿ." ಕೊಪ್ಪಳ, ಗಂಗಾವತಿ ಕಡೆಯ ಕಾರ್ ಡೆಕೋರ್ ಅಂಗಡಿಗಳಲ್ಲಿ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಹಳೆಯ ಟೇಪು ತೆಗೆಸಿ ಒಂಬತ್ತು ಇಂಚಿನ ಪರದೆ ಕೂರಿಸಿಕೊಂಡು ಮನೆಗೆ ಬಂದ ಮೇಲೆ ಫೋನು ಹಚ್ಚಿದರೆ ಬರೀ ಚಾರ್ಜ್ ಆಗುತ್ತದೆ, ಪರದೆಯ ಮೇಲೆ ಏನೂ ಬರುವುದಿಲ್ಲ. ಸೆಟ್ಟು ಕೆಟ್ಟಿಲ್ಲ, ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಎಂದು ನಂಬಿದ್ದು ಮಾತ್ರ ತಪ್ಪು.

ಆಂಡ್ರಾಯ್ಡ್ ಸೆಟ್ ಎನ್ನುವುದು ಡ್ಯಾಶ್‌ಬೋರ್ಡಿನಲ್ಲಿ ಕೂತ ಒಂದು ಟ್ಯಾಬ್. ಅದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ, ತನ್ನದೇ ಆ್ಯಪ್‌ಗಳು. ನೆಟ್ ಬೇಕಾದರೆ ನಿಮ್ಮ ಫೋನಿನ ಹಾಟ್‌ಸ್ಪಾಟ್ ಹಾಕಿ ಕೊಡಬೇಕು. ಆಂಡ್ರಾಯ್ಡ್ ಆಟೋ ಹಾಗಲ್ಲ. ಗೂಗಲ್ 2014ರಲ್ಲಿ ಪ್ರಕಟಿಸಿ 2015ರಲ್ಲಿ ಬಿಡುಗಡೆ ಮಾಡಿದ ಈ ವ್ಯವಸ್ಥೆ ಓಡುವುದು ನಿಮ್ಮ ಫೋನಿನೊಳಗೆ. ಮ್ಯಾಪ್ ಲೆಕ್ಕ ಹಾಕುವುದು, ಹಾಡು ಹುಡುಕುವುದು, ಕರೆ ಹಚ್ಚುವುದು ಎಲ್ಲವೂ ಫೋನಿನ ಕೆಲಸ. ಫೋನು ಚಿತ್ರವನ್ನೂ ಧ್ವನಿಯನ್ನೂ ಪರದೆಗೆ ಕಳಿಸುತ್ತದೆ, ಪರದೆ ನಿಮ್ಮ ಬೆರಳು ಎಲ್ಲಿ ಒತ್ತಿತು ಎಂಬುದನ್ನು ಫೋನಿಗೆ ಮರಳಿ ತಿಳಿಸುತ್ತದೆ. ಐಫೋನಿನವರಿಗೆ ಆಪಲ್ 2014ರಲ್ಲಿ ತಂದ ಕಾರ್‌ಪ್ಲೇ ಕೂಡ ಇದೇ ರೀತಿಯದು. ಆಂಡ್ರಾಯ್ಡ್ 10ರಿಂದ ಈಚೆಗೆ ಆಂಡ್ರಾಯ್ಡ್ ಆಟೋ ಫೋನಿನಲ್ಲೇ ಸೇರಿ ಬರುತ್ತದೆ, ಬೇರೆ ಆ್ಯಪ್ ಹಾಕಿಕೊಳ್ಳಬೇಕಿಲ್ಲ.

ಇದನ್ನು ಅರ್ಥ ಮಾಡಿಕೊಂಡರೆ ದುಡ್ಡು ಎಲ್ಲಿ ಹಾಕಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಬುದ್ಧಿ ಫೋನಿನದ್ದಾದ ಮೇಲೆ ಸೆಟ್ಟಿನ ರ್‍ಯಾಮ್ ಎರಡು ಜಿಬಿಯೋ ಎಂಟು ಜಿಬಿಯೋ ಎಂಬ ಚೌಕಾಸಿಗೆ ದೊಡ್ಡ ಅರ್ಥವಿಲ್ಲ. ಅಗ್ಗದ ಸೆಟ್ಟುಗಳಲ್ಲಿ ಸೆಟ್ಟಿಂಗ್ಸ್ ಪುಟ ತೋರಿಸುವ ಆಂಡ್ರಾಯ್ಡ್ ಆವೃತ್ತಿಯೂ ರ್‍ಯಾಮ್ ಅಂಕಿಯೂ ಎಷ್ಟೋ ಸಲ ನಿಜವಾಗಿರುವುದಿಲ್ಲ. ಡಬ್ಬಿಯ ಮೇಲೆ ಬರೆದ "50 ವ್ಯಾಟ್ × 4" ಎಂಬುದು ಕ್ಷಣಮಾತ್ರದ ಗರಿಷ್ಠ. ಒಂದೇ ಸಮನೆ ಸ್ಪೀಕರಿಗೆ ಸಿಗುವುದು ಸುಮಾರು 15ರಿಂದ 20 ವ್ಯಾಟ್. ಹಳೆಯ ಸ್ಪೀಕರ್ ಹರಿದಿದ್ದರೆ ಯಾವ ಸೆಟ್ಟು ಹಾಕಿದರೂ ಹಾಡು ಕರಕರ ಎನ್ನುವುದು ತಪ್ಪದು.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಿಮ್ಮ ಸ್ವಂತ ಫೋನು ಹಚ್ಚಿ ನೋಡಿ. ಅವರ ಫೋನಿನಲ್ಲಿ ಓಡಿದ್ದು ನಿಮ್ಮದರಲ್ಲಿ ಓಡಲೇಬೇಕೆಂದಿಲ್ಲ. ಮ್ಯಾಪ್ ತೆರೆಯಿರಿ, ಹಾಡು ಓಡುತ್ತಿರುವಾಗ ಯಾರಿಂದಲಾದರೂ ಫೋನ್ ಮಾಡಿಸಿ, ಕರೆ ಮುಗಿದ ಮೇಲೆ ಹಾಡು ಮರಳಿ ಬರುತ್ತದೆಯೇ ಗಮನಿಸಿ, ಕೀ ತೆಗೆದು ಮತ್ತೆ ಹಾಕಿ ಫೋನು ತಾನೇ ಸೇರಿಕೊಳ್ಳುತ್ತದೆಯೇ ನೋಡಿ. ಸೋನಿ, ಪಯೋನಿಯರ್, ಕೆನ್ವುಡ್‌ನಂಥ ಕಂಪನಿಗಳು ಗೂಗಲ್, ಆಪಲ್‌ಗಳಿಂದ ಅಧಿಕೃತ ಪರವಾನಗಿ ಪಡೆದ ಸೆಟ್ಟುಗಳನ್ನು ಮಾರುತ್ತವೆ. ಅನೇಕ ಅಗ್ಗದ ಸೆಟ್ಟುಗಳು ಮೂರನೆಯವರ ಆ್ಯಪ್ ಮೂಲಕ ಇದೇ ಕೆಲಸ ಮಾಡಿಸುತ್ತವೆ. ಇವತ್ತು ಓಡುತ್ತದೆ, ಫೋನಿನ ಒಂದು ಅಪ್‌ಡೇಟ್ ಬಂದ ಮೇಲೆ ನಿಂತರೆ ಕೇಳುವವರು ಯಾರೂ ಇರುವುದಿಲ್ಲ.

ಹಳೆಯ ಗಾಡಿಗೆ ಇದೆಲ್ಲ ಕೂರುವುದಿಲ್ಲ ಎಂದು ಸುಮ್ಮನಾದವರೂ ಇದ್ದಾರೆ. ಕೂರುತ್ತದೆ. ಕಾರಿನ ಸೆಟ್ಟಿನ ಅಳತೆ ಜರ್ಮನಿಯ ಮಾನಕ ಸಂಸ್ಥೆ ಗೊತ್ತುಮಾಡಿದ್ದು: ಸಿಂಗಲ್ ಡಿನ್ ಎಂದರೆ 180 ಮಿಲಿಮೀಟರ್ ಅಗಲ, 50 ಎತ್ತರ; ಡಬಲ್ ಡಿನ್ ಎಂದರೆ ಅದೇ ಅಗಲಕ್ಕೆ 100 ಎತ್ತರ. ಗಾಡಿಯ ಮಾಡೆಲ್ಲಿಗೆ ತಕ್ಕ ಫ್ರೇಮ್ ಸಿಕ್ಕರೆ ಕೆಲಸ ಆಗುತ್ತದೆ. ಕಂಪನಿಯೇ ಕೊಟ್ಟ ಪರದೆ ಇರುವ ಗಾಡಿಯಾದರೆ ಅದನ್ನು ಕಿತ್ತು ಹಾಕುವ ಮೊದಲು ಸರ್ವಿಸ್ ಸೆಂಟರಿನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಇದೆಯೇ ಕೇಳಿ.

"ಡಾಂಗಲ್ ಹಚ್ಚಿದ್ರ ಮುಗೀತು, ವೈರ್ ಇಲ್ದ ಎಲ್ಲಾ ಬರ್ತೈತಿ." ಈ ನಂಬಿಕೆಯಿಂದ ಬಹಳ ಜನರ ದುಡ್ಡು ಹೋಗಿದೆ. ಆನ್‌ಲೈನಿನಲ್ಲಿ ಸಿಗುವ ವೈರ್‌ಲೆಸ್ ಡಾಂಗಲ್, ಕಾರಿನಲ್ಲಿ ಈಗಾಗಲೇ ವೈರಿನ ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಅದು ವೈರಿನ ಜಾಗದಲ್ಲಿ ಕೂತು ಫೋನಿನ ಜೊತೆ ವೈ-ಫೈ ಮೂಲಕ ಮಾತಾಡುತ್ತದೆ, ಅಷ್ಟೇ. ಬರೀ ಬ್ಲೂಟೂತ್ ಮತ್ತು ಯುಎಸ್‌ಬಿ ಇರುವ ಹಳೆಯ ಸೆಟ್ಟಿಗೆ ಅದನ್ನು ಚುಚ್ಚಿದರೆ ಸೆಟ್ಟು ಅದನ್ನು ಗುರುತೇ ಹಿಡಿಯುವುದಿಲ್ಲ. ಬ್ಲೂಟೂತ್ ಇದ್ದ ಮಾತ್ರಕ್ಕೆ ಆಂಡ್ರಾಯ್ಡ್ ಆಟೋ ಬರುವುದೂ ಇಲ್ಲ. ಬ್ಲೂಟೂತ್ ಹೊರುವುದು ಧ್ವನಿಯನ್ನು, ಮ್ಯಾಪಿನ ಓಡುವ ಚಿತ್ರವನ್ನಲ್ಲ. ವೈರ್‌ಲೆಸ್ ಬೇಕೆಂದರೆ ಫೋನಿನಲ್ಲೂ ಸಾಮಾನ್ಯವಾಗಿ ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸದು, ಜೊತೆಗೆ 5 ಗಿಗಾಹರ್ಟ್ಸ್ ವೈ-ಫೈ ಇರಬೇಕು.

ವೈರಿನಲ್ಲೇ ಹಚ್ಚುವವರು ಫೋನು ಪದೇಪದೇ ಕಡಿದುಹೋದರೆ ಮೊದಲು ಬೈಯುವುದು ಸೆಟ್ಟನ್ನು. ಮೊದಲು ನೋಡಬೇಕಾದ್ದು ಕೇಬಲ್ಲನ್ನು. ಬಸ್‌ಸ್ಟ್ಯಾಂಡ್ ಬಳಿ ಅಗ್ಗಕ್ಕೆ ಸಿಗುವ ಎಷ್ಟೋ ಕೇಬಲ್ಲುಗಳು ಬರೀ ಚಾರ್ಜಿಂಗ್‌ನವು, ಅವುಗಳೊಳಗೆ ಡೇಟಾ ಹೋಗುವ ತಂತಿಯೇ ಇರುವುದಿಲ್ಲ. ಒಂದು ಮೀಟರಿಗಿಂತ ಚಿಕ್ಕದಾದ ಒಳ್ಳೆಯ ಕೇಬಲ್ ಬಳಸಿ ಎಂದು ಗೂಗಲ್ಲೇ ಸಲಹೆ ಕೊಡುತ್ತದೆ. ಹಿಂದಿನ ಸೀಟಿನವರೆಗೂ ಎಳೆಯಲಿ ಎಂದು ಎರಡು ಮೀಟರಿನದು ತಂದವರಿಗೆ ಮಾರ್ಗಮಧ್ಯೆ ಮ್ಯಾಪ್ ನಿಲ್ಲುವುದು ಆಶ್ಚರ್ಯವಲ್ಲ.

"ನೆಟ್ ಹೋದ್ರ ಮ್ಯಾಪ್ ಹೋತು" ಎಂಬುದು ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಯಲಬುರ್ಗಾದಿಂದ ಕುಕನೂರು ದಾಟಿ ಇಟಗಿಯ ಮಹಾದೇವ ದೇವಾಲಯಕ್ಕೆ ಹೋಗುವಾಗಲೋ, ಕುಷ್ಟಗಿಯಿಂದ ಹನುಮಸಾಗರದ ಕಡೆ ಒಳದಾರಿ ಹಿಡಿದಾಗಲೋ ಸಿಗ್ನಲ್ ಕಡ್ಡಿ ಮಾಯವಾಗಿ ಗಾಬರಿಯಾದವರು ಇದನ್ನು ನಂಬುವುದು ಸಹಜ. ಆದರೆ ನೀವೆಲ್ಲಿದ್ದೀರಿ ಎಂದು ಫೋನಿಗೆ ಹೇಳುವುದು ಮೊಬೈಲ್ ಟವರಲ್ಲ, ಆಕಾಶದ ಉಪಗ್ರಹಗಳು. ಆ ಸಂಕೇತಕ್ಕೆ ಡೇಟಾ ಪ್ಯಾಕ್ ಬೇಡ, ಕಾಸೂ ಇಲ್ಲ. ಇಲ್ಲದಿರುವುದು ನಕ್ಷೆಯ ಚಿತ್ರ ಮಾತ್ರ. ಅದನ್ನು ಮನೆಯ ವೈ-ಫೈನಲ್ಲಿ ಮುಂಚೆಯೇ ಇಳಿಸಿಕೊಂಡರೆ ಸಾಕು. ಗೂಗಲ್ ಮ್ಯಾಪ್ಸ್ ತೆರೆದು ಮೇಲಿನ ನಿಮ್ಮ ಚಿತ್ರ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ಮುನಿರಾಬಾದಿನಿಂದ ತಾವರಗೇರಾವರೆಗೆ ಇಡೀ ಜಿಲ್ಲೆ ಚೌಕಟ್ಟಿನೊಳಗೆ ಬರುವಂತೆ ಆರಿಸಿ ಇಳಿಸಿಕೊಳ್ಳಿ. ಆಮೇಲೆ ನೆಟ್ ಇಲ್ಲದೆಯೂ ಕಾರಿನ ಪರದೆಯ ಮೇಲೆ ದಾರಿ ಬರುತ್ತದೆ. ಟ್ರಾಫಿಕ್ ಎಲ್ಲಿ ನಿಂತಿದೆ ಎಂಬುದು ಮಾತ್ರ ತಿಳಿಯದು. ಆಗಾಗ ಈ ನಕ್ಷೆಯನ್ನು ಹೊಸದಾಗಿಸಿಕೊಳ್ಳಬೇಕು.

ಹಾಗೆಂದು ಮ್ಯಾಪ್ ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ಆನೆಗೊಂದಿಯಲ್ಲಿ ನಿಂತರೆ ಹೊಳೆಯಾಚೆ ಹಂಪಿಯ ಕಡೆಯ ಬೆಟ್ಟ ಇಷ್ಟೇ ದೂರ ಎನಿಸುತ್ತದೆ. ಆದರೆ ತಳವಾರಘಟ್ಟದ ಬಳಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿಯಿತು. ಕಾರಿನವರು ಕಡೇಬಾಗಿಲು–ಬುಕ್ಕಸಾಗರ ಸೇತುವೆಯನ್ನೋ ಹೊಸಪೇಟೆಯ ದಾರಿಯನ್ನೋ ಹಿಡಿಯಬೇಕು. ಮ್ಯಾಪಿನಲ್ಲಿ ನಡಿಗೆಯ ಗುರುತು ಆಯ್ಕೆಯಾಗಿ ಉಳಿದಿದ್ದರೆ ಅದು ನಿಮ್ಮನ್ನು ದೋಣಿಘಾಟಿಗೆ ಒಯ್ದು ನಿಲ್ಲಿಸೀತು. ಕಾರಿನ ಗುರುತನ್ನೇ ಒತ್ತಿದ್ದೀರಾ ನೋಡಿಕೊಳ್ಳಿ.

ಇಂಗ್ಲಿಷ್ ಬರದಿದ್ದರೆ ಇದು ನಮಗಲ್ಲ ಎಂದುಕೊಂಡ ಹಿರಿಯ ಡ್ರೈವರುಗಳಿಗೆ ಒಂದು ಸಂತೋಷದ ಸಂಗತಿ: ಗೂಗಲ್ ಮ್ಯಾಪ್ಸ್ 2018ರಿಂದಲೇ ಕನ್ನಡದಲ್ಲಿ ದಾರಿ ಹೇಳುತ್ತದೆ. ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡ ಆರಿಸಿದರಾಯಿತು. ಪರದೆಯ ಕಡೆ ಕಣ್ಣು ಹಾಯಿಸದೆ, ಕಿವಿಗೆ ಬಿದ್ದ ಕೂಡಲೇ ತಿಳಿಯುವ ಭಾಷೆಯಲ್ಲಿ ದಾರಿ ಕೇಳುವುದು ಸುರಕ್ಷತೆಯ ಮಾತೂ ಹೌದು. ಮನೆಯಲ್ಲಿ ಮಕ್ಕಳಿದ್ದರೆ ಅಪ್ಪನ ಫೋನಿಗೆ ಇದೊಂದನ್ನು ಮಾಡಿಕೊಡಲಿ.

ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಸಂಬಂಧಪಟ್ಟ ಮಾತೂ ಇದೆ. ಫೋನನ್ನು ಗಾಜಿಗೆ ಅಂಟಿಸಿದ ಹೋಲ್ಡರಿನಲ್ಲಿ ಇಟ್ಟರೆ ಸಾಕಲ್ಲ, ಸೆಟ್ಟು ಯಾಕೆ ಎನ್ನುವವರಿದ್ದಾರೆ. ಆಪಲ್ ತನ್ನ ಫೋನುಗಳನ್ನು 35 ಡಿಗ್ರಿಯವರೆಗಿನ ವಾತಾವರಣದಲ್ಲಿ ಬಳಸಲು ಹೇಳುತ್ತದೆ. ಇಲ್ಲಿ ನೆರಳಿನಲ್ಲೇ 40 ದಾಟುವ ದಿನಗಳಿವೆ, ಗಾಜಿನ ಹಿಂದಿನ ಬಿಸಿಯನ್ನು ಕೇಳುವುದೇ ಬೇಡ. ಮ್ಯಾಪ್ ಹಾಕಿ, ಚಾರ್ಜಿಗೂ ಹಚ್ಚಿ, ಬಿಸಿಲಿಗೂ ಒಡ್ಡಿದ ಫೋನು ಪರದೆ ಮಂಕು ಮಾಡಿಕೊಳ್ಳುತ್ತದೆ, ಚಾರ್ಜ್ ನಿಲ್ಲಿಸುತ್ತದೆ. ಕೇಬಲ್ಲಿನಲ್ಲಿ ಹಚ್ಚಿ ಗೇರಿನ ಪಕ್ಕದ ನೆರಳಿನ ಗೂಡಿನಲ್ಲಿಟ್ಟ ಫೋನಿಗೆ ಆ ತಾಪ ಇಲ್ಲ. ಈ ಒಂದು ಕಾರಣಕ್ಕೇ ನಮ್ಮ ಕಡೆಯವರಿಗೆ ಗಾಜಿನ ಹೋಲ್ಡರಿಗಿಂತ ಸೆಟ್ಟೇ ಮೇಲು ಎಂದು ನಾನು ಹೇಳುವುದು.

ಈಗ ವೈರಿಂಗಿಗೆ ಬರೋಣ. ಅತಿ ಹೆಚ್ಚು ಹಾಳಾಗುವುದು ಇಲ್ಲಿಯೇ. "ದೊಡ್ಡ ಸೆಟ್ ಹಾಕ್ಸಿದ ಮ್ಯಾಲೆ ಬ್ಯಾಟರಿ ಇಳಿಯಾಕ ಹತ್ತೈತಿ" ಎಂದು ದೂರುವವರು ಸೆಟ್ಟನ್ನು ಶಪಿಸುತ್ತಾರೆ. ಹೊರಗಿನಿಂದ ಕೊಂಡ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಹಳದಿ ವೈರು ಬ್ಯಾಟರಿಯಿಂದ ಸದಾ ಬರುವ ಕರೆಂಟಿಗೆ, ಕೆಂಪು ವೈರು ಕೀ ತಿರುಗಿಸಿದಾಗ ಮಾತ್ರ ಬರುವ ಕರೆಂಟಿಗೆ, ಕಪ್ಪು ಅರ್ಥಿಂಗಿಗೆ. ಅವಸರದಲ್ಲಿ ಕೆಂಪು, ಹಳದಿ ಎರಡನ್ನೂ ಸೇರಿಸಿ ತಿರುಚಿ ಟೇಪ್ ಸುತ್ತಿದರೆ ಕೀ ತೆಗೆದ ಮೇಲೂ ಸೆಟ್ಟು ಮಲಗುವುದೇ ಇಲ್ಲ. ಒಂದು ಆಂಪಿಯರ್ ಎಳೆದರೂ ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಮನೆಮುಂದೆ ಎರಡು ದಿನ ನಿಲ್ಲುವಷ್ಟರಲ್ಲಿ ಬರಿದಾಗುತ್ತದೆ. ಎರಡೂ ಅದಲುಬದಲಾದರೆ ಪ್ರತಿ ಸಲ ಗಾಡಿ ಬಂದ್ ಮಾಡಿದಾಗ ಗಡಿಯಾರ, ಸೇವ್ ಮಾಡಿದ ಸ್ಟೇಷನ್ನು ಎಲ್ಲ ಅಳಿಸಿಹೋಗುತ್ತದೆ. ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಒಬ್ಬ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಕೈಲಿ, ಕೀ ತೆಗೆದ ಮೇಲೆ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಮೀಟರ್ ಹಚ್ಚಿ ನೋಡಿಸಿ. ಅರ್ಧ ತಾಸಿನ ಕೆಲಸ.

ಹೊರಗೆ ಸೆಟ್ಟು ಹಾಕಿಸಿದರೆ ಗಾಡಿಯ ವಾರಂಟಿ ಪೂರ್ತಿ ಹೋಗುತ್ತದೆ ಎಂಬ ಹೆದರಿಕೆಯೂ ಅರ್ಧ ಸತ್ಯ. ತಕರಾರು ಬರುವುದು ಕಂಪನಿಯ ವೈರು ಕತ್ತರಿಸಿದಾಗ, ಅದರಿಂದ ವಿದ್ಯುತ್ ಭಾಗ ಕೆಟ್ಟಾಗ. ವೈರು ಕಡಿಯದೆ ಒಂದಕ್ಕೊಂದು ಕೂರುವ ಕಪ್ಲರ್ ನಿಮ್ಮ ಮಾಡೆಲ್ಲಿಗೆ ಸಿಗುತ್ತದೆಯೇ ಎಂದು ಮೊದಲೇ ಕೇಳಿ, ವಾರಂಟಿ ಪುಸ್ತಕವನ್ನೂ ಒಮ್ಮೆ ಓದಿ. ಸ್ಟೀರಿಂಗಿನ ಮೇಲಿನ ಬಟನ್ನು ಹೊಸ ಸೆಟ್ಟಿನಲ್ಲೂ ಓಡಬೇಕೆಂದರೆ ಕೆಲವು ಗಾಡಿಗಳಿಗೆ ಬೇರೆಯೇ ಕ್ಯಾನ್‌ಬಸ್ ಡಬ್ಬಿ ಬೇಕಾಗುತ್ತದೆ, ಬೆಲೆ ಮಾತಾಡುವಾಗಲೇ ಅದು ಸೇರಿದೆಯೇ ಕೇಳಿಕೊಳ್ಳಿ. ಉಳಿಸಿದ ದುಡ್ಡನ್ನು ಪರದೆಯ ಇಂಚಿಗಲ್ಲ, ಕಪ್ಲರಿಗೂ ಕೈಕೆಲಸಕ್ಕೂ ಕೊಡಿ.

ಸೆಟ್ಟು ಕಳುವಾದರೆ ವಿಮೆಯವರು ಕೊಡುತ್ತಾರೆ ಎಂದು ನಂಬಿ ಕೂರಬೇಡಿ. ಕಂಪನಿಯಿಂದ ಬರದ ವಿದ್ಯುತ್ ಪರಿಕರಗಳನ್ನು ಪಾಲಿಸಿಯಲ್ಲಿ ಬೇರೆಯಾಗಿ ತೋರಿಸಬೇಕು. ಮೋಟಾರ್ ವಿಮೆಯ ಐಎಂಟಿ-24 ಎಂಬ ಷರತ್ತು ಇದಕ್ಕಾಗಿಯೇ ಇದೆ, ವಾಡಿಕೆಯ ಲೆಕ್ಕದಲ್ಲಿ ಅದರ ಪ್ರೀಮಿಯಂ ವಸ್ತುವಿನ ಬೆಲೆಯ 4%. ಸೆಟ್ಟಿನ ಬಿಲ್ ಪಡೆದು ಇಟ್ಟುಕೊಳ್ಳದವರಿಗೆ ಇದು ಆಗದ ಮಾತು.

ಕೊನೆಯ ನಂಬಿಕೆ ಎಲ್ಲಕ್ಕಿಂತ ಅಪಾಯದ್ದು: ಫೋನು ಕೈಯಲ್ಲಿಲ್ಲ, ಡ್ಯಾಶ್‌ಬೋರ್ಡಿನಲ್ಲಿದೆ, ಆದ್ದರಿಂದ ಸುರಕ್ಷಿತ. ಬ್ರಿಟನ್ನಿನ ಐಎಎಂ ರೋಡ್‌ಸ್ಮಾರ್ಟ್ ಸಂಸ್ಥೆಗಾಗಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರದೆಯನ್ನು ಬೆರಳಿನಿಂದ ಒತ್ತುತ್ತಾ ಓಡಿಸಿದವರ ಪ್ರತಿಕ್ರಿಯೆ ಆಂಡ್ರಾಯ್ಡ್ ಆಟೋದಲ್ಲಿ 53%, ಕಾರ್‌ಪ್ಲೇಯಲ್ಲಿ 57% ನಿಧಾನವಾಗಿತ್ತು. ಅಲ್ಲಿನ ಕಾನೂನು ಒಪ್ಪುವ ಮಿತಿಯಷ್ಟು ಕುಡಿದವರಿಗೆ ಅದೇ ಲೆಕ್ಕದಲ್ಲಿ ಬಂದದ್ದು 12%. ಬಾಯಿಮಾತಿನಿಂದ ಆಜ್ಞೆ ಕೊಟ್ಟವರೂ 30%ರಿಂದ 36% ತಡವಾದರು. 80 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಕಣ್ಣು ಪರದೆಯ ಮೇಲಿದ್ದರೆ ಗಾಡಿ 44 ಮೀಟರ್ ಮುಂದೆ ಹೋಗಿರುತ್ತದೆ. ಕುಷ್ಟಗಿಯ ಮೇಲೆ ಹಾದುಹೋಗುವ ವಿಜಯಪುರ–ಹೊಸಪೇಟೆ ಹೆದ್ದಾರಿಯಲ್ಲಿ ಲಾರಿಗಳ ಸಾಲು, ಗಂಗಾವತಿ ಕಡೆ ಸುಗ್ಗಿಯ ಕಾಲದಲ್ಲಿ ಹಿಂದೆ ಕೆಂಪು ದೀಪವಿಲ್ಲದೆ ನೆಲ್ಲು ಹೇರಿಕೊಂಡು ಹೋಗುವ ಟ್ರ್ಯಾಕ್ಟರ್ ಟ್ರೇಲರುಗಳು. ಆ 44 ಮೀಟರಿನೊಳಗೆ ಏನೆಲ್ಲ ಬರಬಹುದು ಎಂಬುದು ಈ ದಾರಿಯಲ್ಲಿ ರಾತ್ರಿ ಓಡಾಡಿದವರಿಗೆ ಗೊತ್ತು.

ಕಾನೂನೂ ಇದನ್ನೇ ಹೇಳುತ್ತದೆ. ಕೈಯಲ್ಲಿ ಹಿಡಿಯುವ ಸಾಧನವನ್ನು ಚಾಲಕನ ಗಮನ ಕೆಡದಂತೆ ದಾರಿ ನೋಡಲು ಮಾತ್ರ ಬಳಸಬಹುದು ಎಂದು 2020ರ ಅಕ್ಟೋಬರ್ 1ರಿಂದ ಜಾರಿಯಾದ ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಓಡಿಸುವಾಗ ವಿಡಿಯೊ ನೋಡಬಾರದೆಂದು 2017ರ ಚಾಲನಾ ನಿಯಮಗಳಲ್ಲೇ ಇದೆ. ಸುರಕ್ಷತೆಗೆಂದೇ ಆಂಡ್ರಾಯ್ಡ್ ಆಟೋ ಓಡುವ ಗಾಡಿಯಲ್ಲಿ ವಿಡಿಯೊ ತೋರಿಸುವುದಿಲ್ಲ, ಸೆಟ್ಟಿನ ಬ್ರೇಕ್ ವೈರು ಹ್ಯಾಂಡ್‌ಬ್ರೇಕ್ ಎಳೆದಾಗ ಮಾತ್ರ ಸಿನಿಮಾ ಬಿಡುತ್ತದೆ. ಕೆಲವು ಕಡೆ ಗಿರಾಕಿ ಕೇಳುವ ಮೊದಲೇ ಆ ವೈರನ್ನು ಅರ್ಥಿಂಗಿಗೆ ಕಟ್ಟಿ, ಓಡುವಾಗಲೂ ಸಿನಿಮಾ ಬರುವಂತೆ ಮಾಡಿಕೊಡುತ್ತಾರೆ. ಸೆಟ್ಟು ಹಾಕಿಸುವ ದಿನ ಪಕ್ಕದಲ್ಲೇ ನಿಂತು, ಆ ವೈರನ್ನು ಹ್ಯಾಂಡ್‌ಬ್ರೇಕಿಗೇ ಕೊಡಿ ಎಂದು ದಯವಿಟ್ಟು ಹೇಳಿ. ಬಾಡಿಗೆ ಗಾಡಿಯಲ್ಲಿ ಕೂತಾಗ ಡ್ರೈವರ್ ಮುಂದಿನ ಪರದೆಯಲ್ಲಿ ಸಿನಿಮಾ ಓಡುತ್ತಿದ್ದರೆ, ಹಿಂದಿನ ಸೀಟಿನಿಂದಲಾದರೂ ಬಂದ್ ಮಾಡಿಸಿ.