ಪೋರ್ಷೆ ಟಾರ್ಗಾ: ಹಳೇ ಚಾವಣಿಗೆ ಹೊಸ ವಿನೈಲ್

ಪೋರ್ಷೆ 911 ಟಾರ್ಗಾ ಗೊತ್ತಲ್ವಾ? 1965ರ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ಮೊದಲು ತೋರಿಸಿದ್ರು. ಸೀಟಿನ ಹಿಂದೆ ಅಗಲವಾದ ರೋಲ್ ಬಾರ್, ತಲೆ ಮೇಲೆ ಕೈಯಲ್ಲೇ ಬಿಚ್ಚಿಡಬಹುದಾದ ಚಾವಣಿ. ವರ್ಷಗಳು ಕಳೆದ ಹಾಗೆ ಅದರ ವಿನೈಲ್ ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತೆ.

ಹೊಸದು ಹಾಕೋಕೆ ಮೊದಲು ಹಳೇದನ್ನ ಕಿತ್ತು, ಫ್ರೇಮಿನ ತುಕ್ಕು ಉಜ್ಜಿ ಪೇಂಟ್ ಮಾಡ್ಬೇಕು. ಆಮೇಲೆ ಕಾಂಟ್ಯಾಕ್ಟ್ ಅಂಟು: ಫ್ರೇಮಿಗೂ ವಿನೈಲಿಗೂ ಹಚ್ಚಿ, ಸ್ವಲ್ಪ ಒಣಗೋವರೆಗೂ ಕಾಯಬೇಕು. ಆಮೇಲೆ ಎರಡೂ ತಾಗಿದ್ರೆ ಮುಗೀತು, ಸರಿಸೋದು ಕಷ್ಟ. ಅದಕ್ಕೇ ಮಧ್ಯದಿಂದ ಶುರು ಮಾಡಿ, ಎರಡೂ ಕಡೆ ಸಮನಾಗಿ ಎಳೀತಾ ಅಂಚಿಗೆ ಹೋಗಬೇಕು.

ಮೂಲೆಯಲ್ಲಿ ಮಡಿಕೆ ದಪ್ಪ ಆದ್ರೆ ರಬ್ಬರ್ ಸೀಲ್ ಸರಿಯಾಗಿ ಕೂರಲ್ಲ. ಮಳೆ ನೀರು ಒಳಗೆ! ಡ್ರಾಯಿಂಗ್ ಕ್ಲಾಸಲ್ಲಿ ತಲೆಗೆ ಹೋಗದ ಟಾಲರೆನ್ಸ್ ನನಗೆ ಇಲ್ಲಿ ಅರ್ಥ ಆಯ್ತು.