ಚಲಿಸುವ ಗುರಿಗೆ ಬೆಳಕಿನ ಎಸೆತ

2001ರ ನವೆಂಬರ್‌ನಲ್ಲಿ ಯುರೋಪಿನ ಎರಡು ಉಪಗ್ರಹಗಳ ನಡುವೆ ಲೇಸರ್ ಬೆಳಕು ಮೊದಲ ಬಾರಿಗೆ ಮಾಹಿತಿ ಹೊತ್ತು ಸಾಗಿತು. 832 ಕಿ.ಮೀ. ಎತ್ತರದಲ್ಲಿದ್ದ ಸ್ಪಾಟ್-4 ತಾನು ತೆಗೆದ ಚಿತ್ರವನ್ನು ಸುಮಾರು 31,000 ಕಿ.ಮೀ. ಎತ್ತರದ ಆರ್ಟೆಮಿಸ್‌ಗೆ ಸೆಕೆಂಡಿಗೆ 50 ಮೆಗಾಬಿಟ್ ವೇಗದಲ್ಲಿ ಕಳಿಸಿತು. ಬೆಳಕು ಹೊಮ್ಮಿಸಿದ್ದು ಅರೆವಾಹಕ ಲೇಸರ್, ಸಿ.ಡಿ. ಪ್ಲೇಯರಿನಲ್ಲಿರುವ ಡಯೋಡಿನ ಜಾತಿಯದೇ. ಅದರ ಸರಾಸರಿ ಶಕ್ತಿ ಸುಮಾರು 60 ಮಿಲಿವಾಟ್ ಅಷ್ಟೆ.

ಗ್ಯಾಲಿಯಂ, ಅಲ್ಯುಮಿನಿಯಂ, ಆರ್ಸೆನಿಕ್ ಸೇರಿದ ಹರಳಿನ ಪದರಗಳಲ್ಲಿ ಎಲೆಕ್ಟ್ರಾನುಗಳು ರಂಧ್ರಗಳೊಡನೆ, ಅಂದರೆ ಎಲೆಕ್ಟ್ರಾನು ಇರದ ಖಾಲಿ ತಾಣಗಳೊಡನೆ, ಕೂಡಿದಾಗ ಬೆಳಕು ಹುಟ್ಟುತ್ತದೆ. ಹರಳಿನ ಎರಡು ತುದಿಗಳೇ ಕನ್ನಡಿಗಳು. ವಿದ್ಯುತ್ ಏರಿಳಿಸಿದರೆ ಬೆಳಕೂ ಏರಿಳಿಯುತ್ತದೆ, ಹಾಗಾಗಿ ಸೊನ್ನೆ-ಒಂದುಗಳನ್ನು ಮೂಡಿಸಲು ಬೇರೆ ಉಪಕರಣ ಬೇಕಿಲ್ಲ. ತೂಕ, ವಿದ್ಯುತ್ತು ಎರಡನ್ನೂ ಅಳೆದು ಸುರಿಯುವ ಉಪಗ್ರಹಕ್ಕೆ ಇದು ಬಹಳ ದೊಡ್ಡ ಅನುಕೂಲ.

ಆದರೆ ಈ ಬೆಳಕು ನಾವು ಊಹಿಸುವ ನೇರ ಗೆರೆಯಾಗಿ ಹೊರಬರುವುದಿಲ್ಲ. ಅದು ಹೊರಡುವ ಕಿಂಡಿಯ ದಪ್ಪ ಸುಮಾರು ಒಂದು ಮೈಕ್ರಾನ್, ಅಗಲ ಅದರ ಕೆಲವು ಪಟ್ಟು. ಕಿಂಡಿ ಕಿರಿದಾಗಿರುವ ದಿಕ್ಕಿನಲ್ಲೇ ಬೆಳಕು ಹೆಚ್ಚು ಹರಡುವುದರಿಂದ ಹೊರಬಿದ್ದ ಕೂಡಲೇ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಮಸೂರ, ಪಟ್ಟಕಗಳಿಂದ ಅದನ್ನು ದುಂಡಗೆ ಮಾಡಿ 25 ಸೆಂ.ಮೀ. ದೂರದರ್ಶಕದ ಮೂಲಕ ಬಿಡಬೇಕು. ಡಯೋಡಿನ ಬಿಸಿ ಒಂದು ಡಿಗ್ರಿ ಏರಿದರೂ ತರಂಗಾಂತರ ಸುಮಾರು 0.3 ನ್ಯಾನೋಮೀಟರ್ ಜರುಗುತ್ತದೆ. ತೀರಾ ಜರುಗಿದರೆ, ಬಿಸಿಲನ್ನು ತಡೆಯಲು ಬೆಳಕನ್ನು ಹಿಡಿಯುವ ಬದಿಯಲ್ಲಿಟ್ಟ ಫಿಲ್ಟರ್ ಸಂದೇಶವನ್ನೇ ತಡೆದುಬಿಡುತ್ತದೆ.

ನನಗೆ ಇದೆಲ್ಲಕ್ಕಿಂತ ದೊಡ್ಡದೆನಿಸುವುದು ಗುರಿ ಹಿಡಿಯುವ ಕೆಲಸ. ಅಷ್ಟು ದೂರ ಹೋದ ಮೇಲೂ ಬೆಳಕಿನ ವೃತ್ತದ ಅಗಲ ಕೆಲವು ನೂರು ಮೀಟರ್ ಮಾತ್ರ. ಮೊದಲು ಆರ್ಟೆಮಿಸ್ ಹೆಚ್ಚು ಹರಡಿದ ಬೀಕನ್ ಬೆಳಕಿನಿಂದ ಆಕಾಶವನ್ನು ತಡಕುತ್ತಿತ್ತು. ಅದು ಕಣ್ಣಿಗೆ ಬಿದ್ದೊಡನೆ ಸ್ಪಾಟ್-4 ಆ ಕಡೆ ತಿರುಗಿ ತನ್ನ ಕಿರಣ ಬಿಡುತ್ತಿತ್ತು. ಆದರೆ ಬೆಳಕಿಗೂ ಆ ದೂರ ದಾಟಲು ಸುಮಾರು 0.1 ಸೆಕೆಂಡ್ ಬೇಕು, ಅಷ್ಟರಲ್ಲಿ ಸ್ಪಾಟ್-4 ತನ್ನ ಹಾದಿಯಲ್ಲಿ 700 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತಿತ್ತು. ಆರ್ಟೆಮಿಸ್ ಕೂಡ ಸುಮ್ಮನೆ ನಿಂತಿರುತ್ತಿರಲಿಲ್ಲ. ಬೆಳಕು ಬಂದ ದಿಕ್ಕಿಗೇ ಉತ್ತರ ಕಳಿಸಿದರೆ ಅದು ಖಾಲಿ ಜಾಗಕ್ಕೆ ಹೋಗುತ್ತದೆ. ಆದ್ದರಿಂದ ಗೆಳೆಯ ಮುಂದೆ ಎಲ್ಲಿರುತ್ತಾನೆಂದು ಲೆಕ್ಕ ಹಾಕಿ, ಕಿರಣವನ್ನು ಅಷ್ಟೇ ಅಷ್ಟು ಓರೆ ಮಾಡಬೇಕು.

ಆರ್ಟೆಮಿಸ್‌ನಿಂದ ನೆಲಕ್ಕೆ ಚಿತ್ರ ಇಳಿದದ್ದು ರೇಡಿಯೋ ಮೂಲಕ. ನೆಲಕ್ಕಿಳಿಯುವ ಹಾದಿಯಲ್ಲಿ ಮೋಡ ಅಡ್ಡ ಬಂದರೆ ಲೇಸರ್ ನಿಂತುಹೋಗುತ್ತದೆ. ಮುಂದೆ 1,550 ನ್ಯಾನೋಮೀಟರ್ ತರಂಗಾಂತರದ ಬೆಳಕು ಬಳಕೆಗೆ ಬಂದಾಗ ಡಯೋಡಿನ ಹೊರೆಯೂ ಇಳಿಯಿತು: ಸಂಕೇತದ ಬೆಳಕನ್ನು ಅದು ಕೊಟ್ಟರೆ ಸಾಕು, ಶಕ್ತಿ ತುಂಬುವುದನ್ನು ಎರ್ಬಿಯಂ ಬೆರೆಸಿದ ಫೈಬರ್ ನೋಡಿಕೊಳ್ಳುತ್ತದೆ. 2013ರಲ್ಲಿ ನಾಸಾದ ಲ್ಯಾಡೀ ನೌಕೆ ಹೀಗೆಯೇ ಅರ್ಧ ವಾಟ್ ಬೆಳಕಿನಲ್ಲಿ ಚಂದ್ರನ ಬಳಿಯಿಂದ ಭೂಮಿಗೆ ಸೆಕೆಂಡಿಗೆ 622 ಮೆಗಾಬಿಟ್ ಕಳಿಸಿತು.